ಬೇಲದ ಹಣ್ಣಿನಳತೆಯ ಕುಲಾವಿ

ಬೆಳಗಿನ ಐದೂವರೆ. ಬೋಗಾದಿಯ ಹಳೇ ಊರಿನ ಕೇರಿಯಲ್ಲಿ ಹಾಲಿನ ಬೂತಿನ ಶಟರ್ ಮಾತ್ರ ಎದ್ದಿದೆ. ಎದುರಿನ ಪಿ.ಜಿ.ಯ ಹುಡುಗರು ಇನ್ನೂ ಮಗ್ಗಲು ಬದಲಿಸುತ್ತಿದ್ದಾರೆ. ಪಕ್ಕದಲ್ಲಿ ಏಳುತ್ತಿರುವ ನಾಲ್ಕು ಮಹಡಿಯ ಕಟ್ಟಡದ ಕಾಂಕ್ರೀಟ್ ಮಿಕ್ಸರ್ ಸದ್ಯಕ್ಕೆ ಬಾಯಿ ಮುಚ್ಚಿಕೊಂಡು ನಿಂತಿದೆ. ಈ ಎಲ್ಲದರ ನಡುವೆ ಉಳಿದುಕೊಂಡಿರುವ ಒಂದು ಹೆಂಚಿನ ಮನೆಯ ಜಗಲಿಯ ಮೇಲೆ ಚಾಮುಂಡೇಶ್ವರಿ ಕಾಲು ಚಾಚಿ ಕೂತಿದ್ದಾರೆ. ತಲೆಗೆ ಗಂಡನ ಮಫ್ಲರ್, ಮಡಿಲಲ್ಲಿ ಬಿಳಿ ದಾರದ ಉಂಡೆ, ಕೈಯಲ್ಲಿ ಎರಡು ಉಕ್ಕಿನ ಕಡ್ಡಿ, ಪಕ್ಕದಲ್ಲಿ ಒಂದು ಬೇಲದ ಹಣ್ಣು.

ಬೇಲದ ಹಣ್ಣು ಪಾನಕಕ್ಕಲ್ಲ, ಅಳತೆಗೆ. ಏಳು ತಿಂಗಳಿಗೇ ಅವಸರಪಟ್ಟು ಹುಟ್ಟಿಬಿಡುವ ಮಗುವಿನ ತಲೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹೆಣೆದು ಮುಗಿಸಿದ ಕುಲಾವಿಯನ್ನು ಆ ಹಣ್ಣಿಗೆ ತೊಡಿಸಿ, ಅಂಚಿನೊಳಗೆ ಕಿರುಬೆರಳು ತೂರಿಸಿ ನೋಡುತ್ತಾರೆ. ಬೆರಳು ಸಲೀಸಾಗಿ ಹೋದರೆ ಸರಿ, ಇಲ್ಲದಿದ್ದರೆ ಬಿಚ್ಚಿ ಮತ್ತೆ ಮೊದಲಿನಿಂದ. ದಿನ ತುಂಬಿ ಹುಟ್ಟುವ ಮಕ್ಕಳ ಅಳತೆಗೆ ಸುಲಿದ ತೆಂಗಿನಕಾಯಿ ಇದೆ. "ಮೊದ್ಲು ಕಿತ್ತಳೆಹಣ್ಣು ಇಟ್ಕೊಂಡಿದ್ದೆ. ನಾಕ್ ದಿನಕ್ಕೆ ಬಾಡಿ ಸಣ್ಣಗಾಗೋದು, ಅದರ ಜೊತೆ ನನ್ ಟೋಪಿನೂ ಸಣ್ಣಗಾಗೋದು. ಈ ಬೇಲದ ಹಣ್ಣು ಕಲ್ಲು ಕಣ್ರೀ. ವರ್ಷ ಆದ್ರೂ ಹಂಗೇ ಇರ್ತದೆ" ಎನ್ನುತ್ತಾರೆ.

ಐವತ್ತನಾಲ್ಕು ವರ್ಷದ ಈ ಹೆಂಗಸು ಹನ್ನೊಂದು ವರ್ಷಗಳಿಂದ ಮೈಸೂರಿನ ಆಸ್ಪತ್ರೆಯೊಂದರ ಎಳೆಗೂಸುಗಳ ವಾರ್ಡಿಗೆ ಕುಲಾವಿ ಹೆಣೆದು ಕೊಡುತ್ತಿದ್ದಾರೆ. ಯಾರೂ ಹೇಳಿದ್ದಲ್ಲ, ಯಾರೂ ಸನ್ಮಾನ ಮಾಡಿದ್ದಿಲ್ಲ. ಹೆಣೆದದ್ದೆಲ್ಲ ಒಳಮನೆಯ ಕಬ್ಬಿಣದ ಟ್ರಂಕಿನಲ್ಲಿ ಸೇರುತ್ತದೆ. ಅಲ್ಲಿಂದ ಬುಧವಾರ, ಶನಿವಾರ ಸಿಟಿ ಬಸ್ಸಿನಲ್ಲಿ ವಾರ್ಡಿಗೆ ಹೋಗುತ್ತದೆ. ಈಗ ಆ ಟ್ರಂಕು ಮನೆಯಲ್ಲಿ ಇರಕೂಡದು, ಆ ಕಡ್ಡಿಗಳು ಅಲ್ಲಾಡಕೂಡದು ಎಂದು ಬಂಧುಬಳಗ ತೀರ್ಪು ಕೊಟ್ಟಿದೆ. ಏಕೆಂದರೆ ಸೊಸೆ ದಿವ್ಯ ಏಳು ತಿಂಗಳ ಬಸುರಿ. ತೀರ್ಪು ಬಂದು ಹದಿನೈದು ದಿನವಾಯಿತು. ಕಡ್ಡಿಗಳು ಅಲ್ಲಾಡುತ್ತಲೇ ಇವೆ.

ಬಸುರಿಗೂ ಕುಲಾವಿಗೂ ಏನು ಜಗಳ ಎಂದು ಕೇಳುವವರು ನಮ್ಮ ಸೀಮೆಯವರಲ್ಲ. ಹುಟ್ಟದ ಮಗುವಿಗೆ ಏನೂ ಸಿದ್ಧ ಮಾಡಬಾರದು. ತೊಟ್ಟಿಲು ತರಬಾರದು, ಬಟ್ಟೆ ಕೊಳ್ಳಬಾರದು, ಹೆಸರು ಆರಿಸಬಾರದು. ಮಗು ಹುಟ್ಟಿ, ಅತ್ತು, ಉಸಿರು ನೆಟ್ಟಗಾದ ಮೇಲೆ ಹಳೇ ಪಂಚೆಯ ಮೆತ್ತನೆ ತುಂಡಿನಲ್ಲಿ ಸುತ್ತಬೇಕು. ಮುಂಚೆಯೇ ಆಸೆಪಟ್ಟು ಏನಾದರೂ ಮಾಡಿಟ್ಟರೆ ಅದಕ್ಕೆ ಕಣ್ಣು ಬೀಳುತ್ತದಂತೆ. ಇಂಥ ಕಡೆ ಒಬ್ಬಾಕೆ ಇನ್ನೂ ಹುಟ್ಟದ ಮಕ್ಕಳಿಗಾಗಿ ಒಂದು ಟ್ರಂಕು ತುಂಬ ಕುಲಾವಿ ಹೆಣೆದಿಟ್ಟುಕೊಂಡರೆ ಜನ ಸುಮ್ಮನಿರುತ್ತಾರೆಯೇ? ಈ ಕೇರಿಯ ಬಸುರಿಯರಿಗೆ ಹಿಂದಿನ ರಸ್ತೆಯಲ್ಲೇ ಓಡಾಡು ಎಂದು ಹೇಳಿಕೊಡುತ್ತಾರೆ. ಸಂತೋಷ, ಓಡಾಡಲಿ. ಆದರೆ ಅದೇ ಮನೆಗಳಲ್ಲಿ ಹೆರಿಗೆಯಾಗಿ, ಸಂಜೆ ಚಳಿಗಾಳಿ ಬೀಸಿದಾಗ ಚಾಮುಂಡೇಶ್ವರಿಯ ಹಿತ್ತಿಲ ಬಾಗಿಲು ತಟ್ಟಿ, "ಒಂದು ಟೋಪಿ ಇದ್ರೆ ಕೊಡಮ್ಮ" ಎಂದು ಪಿಸುಗುಟ್ಟುವವರೂ ಇವರೇ. ಆಕೆ ಕೊಡುತ್ತಾರೆ. ಮುಂಬಾಗಿಲಿಂದ ಬಂದರೆ ಏನಾಗ್ತಿತ್ತು ಎಂದು ಕೇಳಿಯೂ ಕೇಳುತ್ತಾರೆ.

ಕೆಲಸದ ಲೆಕ್ಕ ಇಷ್ಟು. ಸಣ್ಣ ಅಳತೆಗೆ ಐವತ್ತಾರು ಕುಣಿಕೆ, ದೊಡ್ಡದಕ್ಕೆ ಎಪ್ಪತ್ತೆರಡು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಬೆಳಗಿನ ಜಾವ ಯಾರೂ ಕರೆಯದಿದ್ದರೆ ಒಂದೂಕಾಲು ಗಂಟೆಗೆ ಒಂದು ಕುಲಾವಿ. ಎರಡನೆಯದು ದಿನವಿಡೀ ಚೂರುಚೂರಾಗಿ ಬೆಳೆಯುತ್ತದೆ. ಕುಕ್ಕರ್ ಎರಡು ಸಲ ಕೂಗುವಷ್ಟರಲ್ಲಿ ನಾಲ್ಕು ಸಾಲು, ನೀರು ಬಿಡುವವನಿಗೆ ಕಾಯುತ್ತಾ ಆರು ಸಾಲು, ಅತ್ತೆಗೆ ಮಾತ್ರೆ ಕೊಟ್ಟು ಅವರು ನುಂಗುವುದನ್ನು ಕಾಯುತ್ತಾ ಒಂದು ಸಾಲು. ಇದರ ಮಧ್ಯೆ ಸರಸ್ವತಿಪುರಂನ ಬ್ಲೌಸ್ ಪೀಸ್ ಅಂಗಡಿಯಿಂದ ಬಂದ ಸೀರೆಗಳಿಗೆ ಫಾಲ್ ಹೊಲಿಯಬೇಕು. "ಫಾಲು ಹೊಟ್ಟೆಗೆ, ಟೋಪಿ ನನಗೆ" ಎಂದು ಆಕೆ ತಮ್ಮ ಬದುಕನ್ನು ಎರಡು ಭಾಗ ಮಾಡಿ ಮುಗಿಸುತ್ತಾರೆ.

ಮನೆಯಲ್ಲಿ ಐದು ಜನ. ಗಂಡ ಚೆಲುವರಾಜು ಗಾರೆ ಕೆಲಸದವರು. ಹಿಂದೆ ತಮ್ಮದೇ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಬೇರೆಯವರ ಮನೆಗೆ ಗೋಡೆ ಎಬ್ಬಿಸುತ್ತಾರೆ. ಮಗ ಪ್ರಸಾದ್ ವೈರಿಂಗ್ ಕೆಲಸ ಮಾಡುತ್ತಾನೆ. ಸೊಸೆ ದಿವ್ಯ ಸರಸ್ವತಿಪುರಂನ ಟ್ಯುಟೋರಿಯಲ್ ಒಂದರಲ್ಲಿ ಗಣಿತ ಹೇಳಿಕೊಡುತ್ತಾಳೆ. ಇನ್ನು ಅತ್ತೆ ಬೀರಮ್ಮ, ಎಂಬತ್ತಾರು ದಾಟಿದವರು. ಕಿವಿ ಮಂದವಾಗಿದೆ ಎನ್ನುತ್ತಾರೆ. ಬೇಕಾದ್ದು ಕೇಳಿಸುತ್ತದೆ.

ಈ ಹೆಣಿಗೆಯ ಬೇರು ಇರುವುದು ಮೂವತ್ತೆರಡು ವರ್ಷ ಹಿಂದಿನ ಒಂದು ಡಿಸೆಂಬರ್ ಬೆಳಗಿನಲ್ಲಿ, ಇದೇ ಮನೆಯ ಒಳಗೆ. ಆಗ ಬೋಗಾದಿ ಹಳ್ಳಿ, ಆಟೊ ಬರುತ್ತಿರಲಿಲ್ಲ. ಚಾಮುಂಡೇಶ್ವರಿಗೆ ಇಪ್ಪತ್ತೆರಡು ವರ್ಷ, ಚೊಚ್ಚಲ ಬಸುರಿ, ಏಳನೇ ತಿಂಗಳು. ಹಾಲು ಕರೆಯುವ ಹೊತ್ತಿಗೆ ನೋವು ಬಂತು. ಚೆಲುವರಾಜು ಗಾಡಿ ಹುಡುಕಲು ಓಡಿದರು. ಗಾಡಿಗಿಂತ ಮುಂಚೆ ಮಗು ಬಂತು. ಸೂಲಗಿತ್ತಿ ಬಟ್ಟೆ ಕೊಡಿ ಎಂದಳು. ಒಗೆದು ಮಡಿಸಿದ ಹಳೇ ಪಂಚೆಗಳು ಮರದ ಪೆಟ್ಟಿಗೆಯಲ್ಲಿದ್ದವು, ಬೀಗದ ಕೈ ಬೀರಮ್ಮನ ಸೊಂಟದಲ್ಲಿತ್ತು. ಬೀರಮ್ಮ ಪೆಟ್ಟಿಗೆಯ ಮುಂದೆ ನಿಂತೇ ಇದ್ದರು. ಉಸಿರು ಒಂದಿಷ್ಟು ನೆಟ್ಟಗಾಗಲಿ, ಆಮೇಲೆ ತೆಗೆಯುತ್ತೇನೆ ಎಂದರು. ದಿನ ತುಂಬದ ಕೂಸಿಗೆ ಬಟ್ಟೆ ತೆಗೆದರೆ ಎಲ್ಲಿ ಏನಾಗಿಬಿಡುತ್ತದೋ ಎಂಬ ಭಯ. ಸೂಲಗಿತ್ತಿ ಬಾಣಂತಿಯ ಸೆರಗಿನಲ್ಲೇ ಮಗುವನ್ನು ಸುತ್ತಿದಳು. ಸೆರಗು ತಲೆಗೆ ಸಾಲಲಿಲ್ಲ.

ಹೆಣ್ಣುಮಗು. ತಲೆ ತುಂಬ ಒದ್ದೆ ಕೂದಲಿತ್ತು. ಬಿಸಿಲು ಜಗಲಿಗೆ ಏರುವ ತನಕ ಇತ್ತು. ಆಮೇಲೆ ಬೀರಮ್ಮ ಪೆಟ್ಟಿಗೆ ತೆಗೆದರು. ಆ ಮೆತ್ತನೆ ಪಂಚೆಯಲ್ಲೇ ಸುತ್ತಿ ಒಯ್ದರು.

"ಟೋಪಿ ಇದ್ದಿದ್ರೆ ಉಳ್ಕೊಂಬುಡೋದು ಅಂತ ನಾನು ಹೇಳಲ್ಲ. ಡಾಕ್ಟ್ರೇ ಹೇಳಕ್ಕಾಗಲ್ಲ, ನಾನ್ಯಾವ್ಳು. ಆದ್ರೆ ಇದ್ದಷ್ಟು ಹೊತ್ತು ಬೆಚ್ಚಗಿರ್ತಿತ್ತು. ಅಷ್ಟೂ ಮಾಡಕ್ಕಾಗ್ಲಿಲ್ವಲ್ಲ ನಮ್ ಕೈಲಿ" ಎನ್ನುವಾಗ ಚಾಮುಂಡೇಶ್ವರಿಯ ಕಡ್ಡಿಗಳು ನಿಲ್ಲುವುದಿಲ್ಲ. ಅತ್ತೆಯ ಮೇಲೆ ಸಿಟ್ಟಿಲ್ಲವೇ ಎಂದರೆ ತಲೆ ಅಲ್ಲಾಡಿಸುತ್ತಾರೆ. ಅತ್ತೆ ಕೆಟ್ಟವರಲ್ಲ, ಹೆದರಿದ್ದರು, ಹೆದರಿಸಿದವರ ಮೇಲೆ ಸಿಟ್ಟು ಎನ್ನುತ್ತಾರೆ. ಆ ಸಿಟ್ಟು ಮೂವತ್ತೆರಡು ವರ್ಷಗಳಲ್ಲಿ ಒಂದು ಎಳೆಯೂ ಸಡಿಲಾಗಿಲ್ಲ.

ಹೆಣಿಗೆ ಕಲಿತದ್ದು ಸರಸ್ವತಿಪುರಂನ ಭಾನುಮತಿ ಅಮ್ಮನವರ ಮನೆಯಲ್ಲಿ. ಅವರ ಮಾವನವರ ಕಾಲದವರೆಗೂ ಅರಮನೆಯ ಚಾಕರಿಯಲ್ಲಿದ್ದ, ಓದುಬರಹದ ಮನೆತನ. ಅಲ್ಲಿ ಮನೆಗೆಲಸಕ್ಕೆ ಹೋಗುತ್ತಿದ್ದ ಚಾಮುಂಡೇಶ್ವರಿಗೆ ಮಧ್ಯಾಹ್ನದ ಹೊತ್ತು ಕಡ್ಡಿ ಹಿಡಿಯುವುದನ್ನು, ಕುಣಿಕೆ ಎತ್ತುವುದನ್ನು, ತಪ್ಪಿದ ಸಾಲನ್ನು ಬಿಚ್ಚುವುದನ್ನು ಅವರೇ ಕಲಿಸಿದರು. ಹುಟ್ಟುವ ಮಕ್ಕಳಿಗೆ ಮೊದಲೇ ಒಂದಷ್ಟು ಹೆಣೆದಿಟ್ಟರೆ ಹೇಗೆ ಎಂದು ಶಿಷ್ಯೆ ಕೇಳಿದ ದಿನ ಮಾತ್ರ ಭಾನುಮತಿ ಅಮ್ಮನವರು ಕಡ್ಡಿಯನ್ನೇ ಕಿತ್ತುಕೊಂಡರಂತೆ. ಇಂಗ್ಲಿಷ್ ಪೇಪರ್ ಓದುವ ಮನೆಯಲ್ಲೂ ಅದೇ ಭಯ! ಮಾರನೆಯ ದಿನ ಅವರೇ ಆ ಕಡ್ಡಿಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟು, ನನ್ನ ಮನೆಯಲ್ಲಿ ಬೇಡ, ನಿನ್ನ ಮನೆಯಲ್ಲಿ ಏನಾದರೂ ಮಾಡಿಕೋ ಎಂದರು. ಇವತ್ತಿಗೂ ಓಡಾಡುತ್ತಿರುವುದು ಅವೇ ಕಡ್ಡಿಗಳು.

ವಾರ್ಡಿಗೆ ಮೊದಲ ಸಲ ಕೊಟ್ಟ ಹನ್ನೆರಡು ಕುಲಾವಿಗಳಲ್ಲಿ ಒಂದು ದೊಡ್ಡ ರಂಪ ಎಬ್ಬಿಸಿತು. ಕಡುನೀಲಿ ದಾರದ್ದು. ಮಗುವಿನ ಬೆವರಿಗೋ ಎಣ್ಣೆಗೋ ಬಣ್ಣ ಬಿಟ್ಟು ಹಣೆಯೆಲ್ಲ ನೀಲಿ. ಪಾಳಿ ಬದಲಾಗಿ ಬಂದ ನರ್ಸ್ ನೋಡಿದವರೇ ಮಗು ನೀಲಿಗಟ್ಟಿತೆಂದು ಡಾಕ್ಟರನ್ನು ಕರೆದು, ಆಕ್ಸಿಜನ್ ತಂದು, ಹತ್ತು ನಿಮಿಷ ವಾರ್ಡೇ ನಡುಗಿತು. ಕೊನೆಗೆ ಯಾರೋ ಒದ್ದೆ ಹತ್ತಿಯಲ್ಲಿ ಹಣೆ ಒರೆಸಿದಾಗ ಕಾಯಿಲೆ ಹತ್ತಿಗೆ ಬಂತು. ಮಗು ಹಾಯಾಗಿ ಆಕಳಿಸುತ್ತಿತ್ತು. ಹಿರಿಯ ಸಿಸ್ಟರ್ ಬೈದ ಬೈಗುಳ ಚಾಮುಂಡೇಶ್ವರಿಗೆ ಇನ್ನೂ ಬಾಯಿಪಾಠ. ಅಂದಿನಿಂದ ದಾರ ಬಂದ ಕೂಡಲೇ ಉಪ್ಪುನೀರಿನಲ್ಲಿ ಒಂದು ರಾತ್ರಿ ನೆನೆಯಬೇಕು, ಮೂರು ನೀರಿನಲ್ಲಿ ತೊಳೆಯಬೇಕು, ಬಿಳಿ ಪಂಚೆಯ ಮೇಲೆ ತಿಕ್ಕಿದರೂ ಬಣ್ಣ ಹತ್ತಬಾರದು. ನೀಲಿಯಂತೂ ಈ ಮನೆಯ ಹೊಸಿಲು ದಾಟುವುದಿಲ್ಲ.

ಇನ್ನೊಂದು ಕಟ್ಟುನಿಟ್ಟು ಇದೆ. ಕುಲಾವಿಯ ಹಿಂಬದಿಯ ಜೋಡಣೆಯ ಹೊಲಿಗೆ ಒಳಗೆ ಇರುವುದಿಲ್ಲ, ಹೊರಗಿರುತ್ತದೆ. ನೋಡಿದವರು ಉಲ್ಟಾ ಹೊಲಿದಿದ್ದೀಯಲ್ಲಮ್ಮ ಎಂದು ನಗುತ್ತಾರೆ. ಫಾಲಿನ ಅಂಗಡಿಯವರು, ಮಾರಲಿಟ್ಟರೆ ಇದನ್ನು ಯಾರು ಕೊಳ್ಳುತ್ತಾರೆ ಎಂದದ್ದೂ ಉಂಟು. "ಚೆಂದ ನೋಡೋರಿಗೆ, ಗಂಟು ಒತ್ತೋದು ಕೂಸಿಗೆ. ಆ ಕೂಸಿನ ಚರ್ಮ ಈರುಳ್ಳಿ ಸಿಪ್ಪೆ ಹಂಗಿರ್ತದೆ. ಒಳಗಡೆ ಹೆಂಗ್ ಹೊಲೀಲಿ?" ಎಂದು ಚಾಮುಂಡೇಶ್ವರಿ ತಿರುಗಿ ಕೇಳುತ್ತಾರೆ.

ಇಷ್ಟು ಗಟ್ಟಿ ಹೆಂಗಸೂ ಒಂದು ಸಲ ಹೆದರಿದ್ದಾರೆ. ಎರಡು ವರ್ಷದ ಹಿಂದೆ ದಿವ್ಯ ಮೊದಲ ಸಲ ಬಸುರಿಯಾದಾಗ, ಸುದ್ದಿ ತಿಳಿದ ವಾರದಲ್ಲೇ ಚಾಮುಂಡೇಶ್ವರಿ ಒಂದು ಹಳದಿ ಕುಲಾವಿ ಹೆಣೆದರು. ತೆಂಗಿನಕಾಯಿ ಅಳತೆಯದು, ಅಂಚಿಗೆ ಸಣ್ಣ ಅಲೆ. ಯಾರಿಗೂ ಹೇಳದೆ ಟ್ರಂಕಿನ ತಳದಲ್ಲಿ ಇಟ್ಟರು. ಐದನೇ ತಿಂಗಳಲ್ಲಿ ಆ ಬಸುರು ನಿಲ್ಲಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲೇ ಚೆಲುವರಾಜು ಅವರ ಅಣ್ಣ ಪುಟ್ಟಣ್ಣ, ಹುಟ್ಟದ ಮಕ್ಕಳ ಟೋಪಿ ಮನೆಯಲ್ಲಿ ಪೇರಿಸಿಟ್ಟರೆ ಇನ್ನೇನಾಗುತ್ತೆ ಎಂದು ಹತ್ತು ಜನರ ಮುಂದೆ ಹೇಳಿದರು. ಗರ್ಭ ಬೆಳೆದಿರಲಿಲ್ಲ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರ್ ಬಿಡಿಸಿ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಚಾಮುಂಡೇಶ್ವರಿಯ ಕಿವಿಗೂ ಬೀಳಲಿಲ್ಲ. ಆ ಹಳದಿ ಕುಲಾವಿ ಒಂದೇ ಕಣ್ಣ ಮುಂದೆ.

ಹನ್ನೆರಡು ದಿನ ಕಡ್ಡಿ ಮುಟ್ಟಲಿಲ್ಲ. ಹದಿಮೂರನೆಯ ದಿನ ವಾರ್ಡಿನಿಂದ ಫೋನ್ ಬಂತು. ಅವಳಿ ಮಕ್ಕಳು, ಒಂದೊಂದೂ ಕಿಲೋದೊಳಗೆ, ಸಣ್ಣ ಟೋಪಿ ಒಂದೂ ಉಳಿದಿಲ್ಲ. "ಆ ಮಕ್ಳು ನನ್ ಹೆದ್ರಿಕೆ ಮುಗೀಲಿ ಅಂತ ಕಾಯ್ತವಾ? ಎದ್ಬುಟ್ಟೆ" ಎನ್ನುತ್ತಾರೆ. ಎದ್ದದ್ದು ನಿಜ. ಆದರೆ ಹೆದರಿಕೆ ಪೂರ್ತಿ ಬಿಟ್ಟು ಎದ್ದಿರಲಿಲ್ಲ. ಈ ಸಲ ದಿವ್ಯ ಬಸುರಿಯಾದ ಮೇಲೆ ಊರ ಮಕ್ಕಳಿಗೆಲ್ಲ ಹೆಣೆದರೂ, ತಮ್ಮ ಮೊಮ್ಮಗುವಿಗೆ ಒಂದು ಕುಣಿಕೆಯನ್ನೂ ಎತ್ತಿರಲಿಲ್ಲ.

ಹದಿನೈದು ದಿನದ ಹಿಂದಿನ ಭಾನುವಾರ ದಿವ್ಯಳ ಸೀಮಂತ. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಮನೆ ಮುಂದೆ ಷಾಮಿಯಾನ. ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಬಾಗಿಲಲ್ಲಿ ಒಂದು ಗೂಡ್ಸ್ ಆಟೊ ಬಂದು ನಿಂತಿತು. ಪುಟ್ಟಣ್ಣನೇ ಕರೆಸಿದ್ದು. ಹೆರಿಗೆಯಾಗುವ ತನಕ ಟ್ರಂಕು ತಮ್ಮ ಗೊಬ್ಬರದ ಗೋದಾಮಿನಲ್ಲಿರಲಿ, ಕಡ್ಡಿಯೂ ಅದರೊಳಗೇ ಇರಲಿ ಎಂದು ಹಿರಿಯರೆಲ್ಲ ಸೇರಿ ಮಾತಾಡಿ ಆಗಿತ್ತು. ಚೆಲುವರಾಜು ನೆಲ ನೋಡುತ್ತಾ ನಿಂತರು. ಬೀರಮ್ಮ ತಲೆ ಆಡಿಸಿದರು. ಆಟೊದಲ್ಲಿ ಬಂದಿದ್ದ ಇಬ್ಬರು ಹುಡುಗರು ಒಳಮನೆಗೆ ಹೋದರು. ಅಷ್ಟರಲ್ಲಿ ಚಾಮುಂಡೇಶ್ವರಿ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಹೋಗಿ ಟ್ರಂಕಿನ ಮೇಲೆ ಕೂತುಬಿಟ್ಟರು.

"ಎತ್ತೋದಾದ್ರೆ ನನ್ನೂ ಸೇರಿಸಿ ಎತ್ತಿ ಭಾವ. ಆಸ್ಪತ್ರೇಲಿ ಇವತ್ತು ಹುಟ್ಟಿರೋ ಮಕ್ಳು ಗೋದಾಮಿಗೆ ಬಂದು ಟೋಪಿ ಹಾಕ್ಕೊಳಲ್ಲ."

ಆಗ ದಿವ್ಯ ಬಾಗಿಲಿಗೆ ಬಂದು, ಅತ್ತೆ ಸ್ವಲ್ಪ ಏಳಿ ಎಂದಳು. ಸೊಸೆಯೂ ಆ ಕಡೆ ಸೇರಿಕೊಂಡಳು ಎಂದೇ ಎಲ್ಲರೂ ಅಂದುಕೊಂಡರು. ಚಾಮುಂಡೇಶ್ವರಿಯೂ ಹಾಗೇ ಅಂದುಕೊಂಡು ಎದ್ದರು. ಊರೆಲ್ಲ ಎದುರಾದರೂ ನಿಲ್ಲಬಹುದು, ಬಸುರಿ ಹೆಣ್ಣುಮಗಳು ಬೇಡ ಎಂದರೆ ನಿಲ್ಲುವುದು ಹೇಗೆ? ದಿವ್ಯ ಭಾರದ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಕೂತಳು, ಟ್ರಂಕು ತೆಗೆದಳು, ಬಿಳಿ, ಕೆಂಪು, ಗಿಣಿಹಸಿರು ಕುಲಾವಿಗಳನ್ನು ಒಂದೊಂದಾಗಿ ಸರಿಸಿದಳು. ತಳದಲ್ಲಿ ಹಳದಿಯದು ಸಿಕ್ಕಿತು. ಅದು ಯಾರಿಗೆ ಹೆಣೆದದ್ದೆಂದು ಕೇಳಬೇಕಾಗಲಿಲ್ಲ. ಅತ್ತೆಯ ಮುಖ ನೋಡಿದರೆ ಸಾಕಿತ್ತು. ಅದನ್ನು ಕೆನ್ನೆಗೆ ಒತ್ತಿಕೊಂಡು ಎಲ್ಲರ ಮುಂದೆ ಅತ್ತಳು. ಎರಡು ವರ್ಷ ಆ ಮನೆಯಲ್ಲಿ ಯಾರೂ ಅವಳನ್ನು ಹಾಗೆ ಅಳಲು ಬಿಟ್ಟಿರಲಿಲ್ಲ.

ಅತ್ತು ಮುಗಿಸಿ ಕೇಳಿದಳು: "ಊರ್ ಮಕ್ಳಿಗೆಲ್ಲ ಇದೆ. ಈ ಮಗುಗೆ ಯಾವ್ದು ಅತ್ತೆ?"

"ಹೆದ್ರಿಕೆ ಆಯ್ತು ಕಣಮ್ಮ" ಎಂದರು ಚಾಮುಂಡೇಶ್ವರಿ.

"ನೀವೇ ಹೆದ್ರಿದ್ರೆ ನಾನು ಯಾರ್ ಮುಖ ನೋಡ್ಕೊಂಡು ಹೆರ್ಲಿ?"

ಅಲ್ಲಿಗೆ ಪಂಚಾಯಿತಿ ಮುಗಿಯಿತು. ಪುಟ್ಟಣ್ಣ ಹೆಗಲ ಟವಲು ಕೊಡವಿ ಹೊರಟುಹೋದರು, ಇನ್ನೂ ಈ ಕಡೆ ತಲೆ ಹಾಕಿಲ್ಲ. ನೆಲ ನೋಡುತ್ತಿದ್ದ ಚೆಲುವರಾಜು ಕೊನೆಗೆ ತಲೆ ಎತ್ತಿ, ಟ್ರಂಕಿನ ಮುಚ್ಚಳ ಹಾಕಿ, ಗೋಡೆ ಪಕ್ಕಕ್ಕೆ ತಳ್ಳಿ, ಅದರ ಜಾಗ ಅಲ್ಲೇ ಎಂದು ಹುಡುಗರಿಗೆ ಹೇಳಿದರು. ಅವರಿಗೆ ಅಷ್ಟು ಮಾತು ಬಹಳ. ಬಂದಿದ್ದ ಗೂಡ್ಸ್ ಆಟೊ ಖಾಲಿ ಹೋಗುವುದೇಕೆಂದು ಷಾಮಿಯಾನದ ಕುರ್ಚಿಗಳನ್ನು ಹೇರಿಕೊಂಡು ಹೋಯಿತು.

ಆ ಬುಧವಾರ ಅತ್ತೆ ಸೊಸೆ ಇಬ್ಬರೂ ಬಸ್ಸಿನಲ್ಲಿ ವಾರ್ಡಿಗೆ ಹೋದರು. ಹಳದಿ ಕುಲಾವಿಯನ್ನು ದಿವ್ಯಳೇ ತನ್ನ ಕೈಯಾರೆ ಸಿಸ್ಟರಿಗೆ ಕೊಟ್ಟಳು. ಅದು ಪೆಟ್ಟಿಗೆಯಲ್ಲಿ ಕೂತು ಏನು ಮಾಡಬೇಕು, ಯಾರದಾದರೂ ತಲೆ ಬೆಚ್ಚಗಿಡಲಿ ಎಂದಳಂತೆ. ಗಣಿತದ ಮೇಡಂ ಈಗ ಸಂಜೆ ಹೊತ್ತು ಕುಣಿಕೆ ಎಣಿಸುತ್ತಾ ಕೂರುತ್ತಾಳೆ. ಐವತ್ತಾರಕ್ಕೆ ಶುರುವಾದ ಸಾಲು ಅವಳ ಕೈಯಲ್ಲಿ ಅದು ಹೇಗೋ ಐವತ್ತೊಂಬತ್ತಕ್ಕೆ ಮುಗಿಯುತ್ತದೆ. ಲೆಕ್ಕದ ಮೇಡಮ್ಮಿಗೇ ಲೆಕ್ಕ ತಪ್ತದೆ ಎಂದು ಅತ್ತೆಗೆ ಮಹಾ ಖುಷಿ.

ಬೆಳಕು ಹರಿದಿದೆ. ಬಿಳಿ ಕುಲಾವಿ ಮುಗಿದು ಬೇಲದ ಹಣ್ಣಿನ ತಲೆ ಏರಿದೆ, ಕಿರುಬೆರಳು ಸಲೀಸಾಗಿ ಹೋಗಿದೆ. ಚಾಮುಂಡೇಶ್ವರಿ ಅದನ್ನು ಪಕ್ಕಕ್ಕಿಟ್ಟು ಚೀಲದಿಂದ ಹೊಸ ಹಳದಿ ದಾರದ ಉಂಡೆ ತೆಗೆಯುತ್ತಾರೆ. ದಾರಕ್ಕೆ ಪೋಣಿಸಿಟ್ಟಿದ್ದ ಅರ್ಧ ಕುಲಾವಿಯ ಕುಣಿಕೆಗಳು ಮತ್ತೆ ಕಡ್ಡಿಗೆ ಏರುತ್ತವೆ. ಎಪ್ಪತ್ತೆರಡು ಕುಣಿಕೆ, ಅಂಚಿಗೆ ಅಲೆ. ಇದು ದಿವ್ಯಳ ಮಗುವಿಗೆ. ಒಳಮನೆಯಲ್ಲಿ ಅಲ್ಲ, ಬಾಗಿಲು ಮುಚ್ಚಿಯೂ ಅಲ್ಲ, ಹಾಲಿಗೆ ಹೋಗುವವರು ಬರುವವರು ಎಲ್ಲರಿಗೂ ಕಾಣುವಂತೆ ಜಗಲಿಯ ಮೇಲೆ. ಒಬ್ಬಾಕೆ ಹಾಲಿನ ಕವರ್ ಹಿಡಿದು ಬರುತ್ತಿದ್ದವಳು ನೋಡಿ, ಮುಖ ಆ ಕಡೆ ತಿರುಗಿಸಿಕೊಂಡು ಹೋಗುತ್ತಾಳೆ. "ನೋಡ್ಕೊಂಡು ಹೋಗವ್ವ, ಮೊಮ್ಮಗೂಗೆ ಹೆಣೀತಿರೋದು" ಎಂದು ಚಾಮುಂಡೇಶ್ವರಿ ಕೂಗಿ ಹೇಳುತ್ತಾರೆ.

ಬೀರಮ್ಮ ಈಗ ಬೆಳಗ್ಗೆ ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿಕೊಂಡು ಕೂರುತ್ತಾರೆ. ಹಳದಿ ದಾರ ಕಣ್ಣಿಗೆ ಬೀಳಬಾರದು, ಅಷ್ಟೇ. ಇವತ್ತು ಗೋಡೆಗೇ ಹೇಳುವಂತೆ ಹೇಳುತ್ತಾರೆ: "ಕಿವಿ ಮುಚ್ಚಂಗೆ ಮಾಡು. ಚಳೀಲಿ ಉಟ್ಟೋ ಕೂಸು."

ಚಾಮುಂಡೇಶ್ವರಿ ಕಡ್ಡಿ ತಿರುಗಿಸಿ ಕಿವಿಯ ಕಡೆ ಇನ್ನೂ ನಾಲ್ಕು ಸಾಲು ಇಳಿಸಲು ಶುರು ಮಾಡುತ್ತಾರೆ. ಒಂದು ವೇಳೆ ಏನಾದರೂ ಹೆಚ್ಚುಕಡಿಮೆಯಾದರೆ ಊರು ಈ ಜಗಲಿಯನ್ನು ಮರೆಯುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

"ಅಂದ್ರೆ ಅಂದ್ಕೊಳ್ಲಿ. ಅನ್ನಿಸ್ಕೊಳೋದು ನನಗೇನು ಹೊಸದಾ? ಬರೋ ಕೂಸು ಬರೀ ತಲೇಲಿ ಬರಬಾರ್ದು, ನಮ್ಮನೇಲಿ ಅದು ಒಂದ್ಸಲ ಆಗಿ ಸಾಕಾಗಿದೆ" ಎನ್ನುತ್ತಾರೆ. ಆಮೇಲೆ ಅರ್ಧ ಕುಲಾವಿಯನ್ನು ತೆಂಗಿನಕಾಯಿಯ ಮೇಲಿಟ್ಟು ಅಂಚು ಎಳೆದು ನೋಡುತ್ತಾ, ಆಸೆ ಏನಮ್ಮ ಎಂದು ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. "ಕೂಸು ಹುಟ್ಟಿ ಎರಡು ತಿಂಗ್ಳಿಗೆ ಈ ಟೋಪಿ ಬಿಗಿ ಆಗ್ಬೇಕು. ಏನತ್ತೆ ಇಷ್ಟು ಸಣ್ಣಗೆ ಹೆಣೆದಿದ್ದೀರಾ ಅಂತ ದಿವ್ಯ ಬಂದು ನನ್ನ ಬೈಬೇಕು. ಬೈಸ್ಕೊಂಡು, ಬಿಚ್ಚಿ, ದೊಡ್ಡದು ಹೆಣೀತೀನಿ."